ಪೋಲಾರ್ ಎಚ್‌10 ಎದೆಪಟ್ಟಿ: ಮುಂಬೈ ಬೆವರಿನಲ್ಲಿ ಅದರ ಲೆಕ್ಕ ಓದುವುದು ಹೇಗೆ

ಕೈಯಲ್ಲೊಂದು ವಾಚ್ ಇದ್ದ ಮೇಲೆ ಎದೆಗೊಂದು ಪಟ್ಟಿ ಯಾಕೆ? ಮಳೆಗಾಲ ಮುಗಿದು ಮ್ಯಾರಥಾನ್ ತಯಾರಿ ಶುರುವಾಗುವ ಹೊತ್ತಿಗೆ ಮುಲುಂಡ್, ಡೊಂಬಿವಲಿ, ಕಾಂದಿವಲಿ, ವಾಶಿ ಕಡೆಯ ಕನ್ನಡದ ಓಟಗಾರರ ನಡುವೆ ಈ ಪ್ರಶ್ನೆ ತಪ್ಪದೆ ಏಳುತ್ತದೆ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಪೋಲಾರ್ ಎಚ್‌10 ಎದೆಬಡಿತವನ್ನು ಸರಿಯಾಗಿಯೇ ಎಣಿಸುತ್ತದೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಆ ಸಂಖ್ಯೆಯನ್ನು ನಾವು ಓದುವ ರೀತಿಯಲ್ಲಿ. ಫಿನ್ಲೆಂಡಿನ ಕಂಪನಿಯ ಪಟ್ಟಿ, ಆ್ಯಪ್ ತಾನಾಗಿ ಹಾಕಿಕೊಟ್ಟ ಝೋನ್ (ಬಡಿತ ಇಷ್ಟರಿಂದ ಇಷ್ಟರೊಳಗಿರಲಿ ಅನ್ನುವ ಮಿತಿ), ಮುಂಬೈಯ ಅಕ್ಟೋಬರ್ ಸೆಖೆ, ಈ ಮೂರನ್ನೂ ಹಾಗೆಯೇ ಜೋಡಿಸಿದರೆ ಹೊಂದುವುದಿಲ್ಲ. ಹೊಂದಿಸಿಕೊಳ್ಳುವ ತಾಳ್ಮೆ ಇರುವವರಿಗೆ ಇದು ಒಳ್ಳೆಯ ಖರೀದಿ. ದಿನಕ್ಕೆ ಅರ್ಧ ಗಂಟೆ ಶಿವಾಜಿ ಪಾರ್ಕ್ ಸುತ್ತು ಹಾಕುವವರಿಗೆ ಬೇಡವೇ ಬೇಡ.

ಡಬ್ಬಿಯಲ್ಲಿ ಬರುವುದು ಎರಡು ವಸ್ತು: ಒಂದು ಎಲಾಸ್ಟಿಕ್ ಪಟ್ಟಿ, ಅದಕ್ಕೆ ಟಿಚ್ ಬಟನ್‌ನಂತೆ ಕೂರುವ ಒಂದು ಚಿಕ್ಕ ಸೆನ್ಸರ್. 2016ರಲ್ಲಿ ಬಂದ ಮಾದರಿ ಇದು, ಆದರೆ ಹಳತಾಯಿತು ಅನ್ನುವಂತಿಲ್ಲ. ತಂತಿಯಿಲ್ಲದೆ ಎದೆಬಡಿತ ಎಣಿಸುವ ಯಂತ್ರವನ್ನು 1982ರಲ್ಲೇ ಮಾರುಕಟ್ಟೆಗೆ ತಂದ ಕಂಪನಿ ಪೋಲಾರ್. ಪಟ್ಟಿಯ ಒಳಮೈಯ ಎಲೆಕ್ಟ್ರೋಡುಗಳು ಹೃದಯದ ವಿದ್ಯುತ್ ಮಿಡಿತವನ್ನೇ ಹಿಡಿಯುತ್ತವೆ. ಆಸ್ಪತ್ರೆಯ ಇಸಿಜಿಯಲ್ಲಿ ಚೂಪಾಗಿ ಮೇಲೇಳುವ ಗೆರೆ ಇರುತ್ತದಲ್ಲ, ಅಂಥ ಒಂದು ತುದಿಯಿಂದ ಮುಂದಿನ ಬಡಿತದ ತುದಿಯವರೆಗಿನ ಸಮಯವನ್ನು ಮಿಲಿಸೆಕೆಂಡಿನಲ್ಲಿ ಅಳೆದು ಬ್ಲೂಟೂತ್‌ನಲ್ಲೋ ಆ್ಯಂಟ್ ಪ್ಲಸ್‌ನಲ್ಲೋ (ಕ್ರೀಡಾ ಸಾಧನಗಳು ಬಳಸುವ ಇನ್ನೊಂದು ತಂತಿಯಿಲ್ಲದ ಸಂಪರ್ಕ) ಕಳಿಸುತ್ತದೆ. ಒಟ್ಟಿಗೆ ಎರಡು ಬ್ಲೂಟೂತ್ ಸಾಧನಗಳಿಗೆ ಕೊಡುವುದರಿಂದ ಫೋನೂ ವಾಚೂ ಜಗಳವಾಡುವುದಿಲ್ಲ. ಜಿಮ್ಮಿನ ಹಳೇ ಟ್ರೆಡ್‌ಮಿಲ್‌ಗಳಿಗೆ ಬೇಕಾಗುವ 5 ಕಿಲೋಹರ್ಟ್ಜ್ ಸಂಕೇತವೂ ಇದೆ.

ವಾಚಿನ ದಾರಿಯೇ ಬೇರೆ. ಅದು ಮಣಿಕಟ್ಟಿನ ಚರ್ಮಕ್ಕೆ ಹಸಿರು ಬೆಳಕು ಬಿಟ್ಟು, ರಕ್ತ ಉಕ್ಕಿ ಇಳಿಯುವಾಗ ಮರಳಿ ಬರುವ ಬೆಳಕಿನ ಏರಿಳಿತವನ್ನು ಎಣಿಸುತ್ತದೆ. ಕೂತಾಗ, ಮಲಗಿದಾಗ ಇದು ಚೆನ್ನಾಗಿಯೇ ನಡೆಯುತ್ತದೆ. ಓಡಲು ಶುರು ಮಾಡಿದರೆ ಕೈ ಬೀಸುತ್ತದೆ, ಬೆವರಿನ ಮೇಲೆ ವಾಚ್ ಜಾರುತ್ತದೆ, ಹೆಜ್ಜೆಯ ಅದುರುವಿಕೆಯೂ ಬೆಳಕಿನಲ್ಲಿ ಅದೇ ಥರದ ಏರಿಳಿತ ಹುಟ್ಟಿಸುತ್ತದೆ. ಹೆಚ್ಚಿನವರ ಹೆಜ್ಜೆ ನಿಮಿಷಕ್ಕೆ 160ರಿಂದ 180. ಹಾಗಾಗಿ ಹೃದಯ 140ರಲ್ಲಿ ಆರಾಮಾಗಿದ್ದರೂ ವಾಚ್ ಹೆಜ್ಜೆಯನ್ನೇ ಹಿಡಿದುಕೊಂಡು 170 ಅನ್ನುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ: ಓಡಲು ಶುರು ಮಾಡಿದ ಎರಡು ಮೂರು ನಿಮಿಷದಲ್ಲೇ ಸಂಖ್ಯೆ ಹಾರಿ ಒಂದೇ ಕಡೆ ಅಂಟಿಕೊಂಡಿರುತ್ತದೆ, ನೀವು ಆರಾಮಾಗಿ ಮಾತಾಡುತ್ತಿರುತ್ತೀರಿ, ವೇಗ ತಗ್ಗಿಸಿದರೂ ಅದು ಇಳಿಯುವುದಿಲ್ಲ. ವಾಚನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟಿದರೆ ಕಾಟ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸಣ್ಣ ಸಣ್ಣ ವೇಗದ ಓಟಗಳಲ್ಲಂತೂ ವಾಚ್ ಹಿಂದೆ ಬೀಳುತ್ತದೆ. 30 ಸೆಕೆಂಡಿನ ಓಟ ಮುಗಿದ ಮೇಲೆ ಅದರ ಏರು ಕಾಣಿಸುತ್ತದೆ. ಎದೆಪಟ್ಟಿಗೆ ದುಡ್ಡು ಕೊಡುವುದು ಮುಖ್ಯವಾಗಿ ಇದಕ್ಕಾಗಿ.

ಕಟ್ಟುವ ಕ್ರಮದಲ್ಲಿ ಜನ ಎಡವುವುದು ಒಂದೇ ಕಡೆ, ಒಣ ಎಲೆಕ್ಟ್ರೋಡ್. ಪಟ್ಟಿಯನ್ನು ನಲ್ಲಿಯ ಕೆಳಗೆ ಹಿಡಿದು ಒಳಮೈಯ ಎಲೆಕ್ಟ್ರೋಡ್ ಭಾಗವನ್ನು ಚೆನ್ನಾಗಿ ಒದ್ದೆ ಮಾಡಿ. ಎದೆಯ ಮಾಂಸಖಂಡದ ಕೆಳಗೆ, ಪಕ್ಕೆಲುಬಿನ ಮೇಲೆ ಬರುವಂತೆ ಸುತ್ತಿ ಕೊಕ್ಕೆ ಸಿಕ್ಕಿಸಿ, ಆಮೇಲೆ ಸೆನ್ಸರ್ ಒತ್ತಿ ಕೂರಿಸಿ. ಸೆನ್ಸರಿನ ಮೇಲಿನ ಅಕ್ಷರಗಳು ನೇರವಾಗಿ ಕಾಣಬೇಕು. ದೀರ್ಘ ಉಸಿರು ಎಳೆದಾಗ ಪಟ್ಟಿ ಜಾರಬಾರದು, ಉಸಿರಿಗೆ ಅಡ್ಡಿಯೂ ಆಗಬಾರದು. ಹೆಂಗಸರು ಸ್ಪೋರ್ಟ್ಸ್ ಬ್ರಾದ ಕೆಳಪಟ್ಟಿಯ ಅಡಿಗೆ ಸಿಕ್ಕಿಸಿದರೆ ಅದೇ ಹಿಡಿದುಕೊಳ್ಳುತ್ತದೆ, ಆದರೆ ಎರಡು ಅಂಚುಗಳು ಒಂದರ ಮೇಲೊಂದು ಕೂತರೆ ದೂರದ ಓಟದಲ್ಲಿ ಚರ್ಮ ಕಿತ್ತುಬರುತ್ತದೆ. ಅರ್ಧ ಇಂಚು ಮೇಲೆ ಕೆಳಗೆ ಮಾಡಿ. ವ್ಯಾಸಲೀನ್ ಹಚ್ಚುವುದಾದರೆ ಬೆನ್ನಿನ ಕಡೆ ಮತ್ತು ಅಂಚಿಗೆ ಮಾತ್ರ. ಎಲೆಕ್ಟ್ರೋಡ್ ಕೂರುವ ಜಾಗಕ್ಕೆ ಎಣ್ಣೆ, ಲೋಶನ್, ಸನ್‌ಸ್ಕ್ರೀನ್ ಏನೂ ಬೇಡ. ಭಾನುವಾರ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುವ ಅಭ್ಯಾಸ ಇರುವವರಿಗೆ ಇದು ಸಣ್ಣ ತೊಂದರೆಯೇ. ಎಣ್ಣೆಯ ಪದರ ಸಂಕೇತವನ್ನು ತಡೆಯುತ್ತದೆ.

ಒಣಗಿದ ಪಟ್ಟಿ ಕಟ್ಟಿ ಹೊರಟರೆ ಮೊದಲ ಹತ್ತು ನಿಮಿಷ ಗ್ರಾಫ್ ಹುಚ್ಚುಹುಚ್ಚಾಗಿ ಕುಣಿಯುತ್ತದೆ, ಒಮ್ಮೆ 210, ಮರುಕ್ಷಣ 90. ಬೆವರು ಬಂದ ಮೇಲೆ ತಾನಾಗಿ ಸರಿಹೋಗುತ್ತದೆ. ಮುಂಬೈಯಲ್ಲಿ ಬೆವರು ಬೇಗ ಬರುವುದರಿಂದ ಇಲ್ಲಿ ಇದು ದೊಡ್ಡ ವಿಷಯವಲ್ಲ. ಪುಣೆಯಲ್ಲಿ, ಡಿಸೆಂಬರ್ ಬೆಳಗ್ಗೆ ವೇತಾಳ ಟೇಕಡಿ ಹತ್ತುವವರಿಗೆ ಇದು ನಿಜವಾದ ಕಾಟ. ಒಣ ಗಾಳಿ, ಪಾಲಿಯೆಸ್ಟರ್ ಟೀಶರ್ಟಿನ ಉಜ್ಜಾಟದಿಂದ ಹುಟ್ಟುವ ಸ್ಥಾಯಿ ವಿದ್ಯುತ್ತು, ಎರಡೂ ಸೇರಿ ಸುಳ್ಳು ಬಡಿತ ಎಣಿಸುತ್ತವೆ. ಅಲ್ಲಿನವರು ಮೆಡಿಕಲ್ ಶಾಪಿನಲ್ಲಿ ಸಿಗುವ ಇಸಿಜಿ ಜೆಲ್ ಒಂದು ಹನಿ ಹಚ್ಚಿದರೆ ಸಾಕು.

ಮುಂಬೈಯ ಕಾಟ ಓಟ ಮುಗಿದ ಮೇಲಿನದು. ಉಪ್ಪು. ಓಡಿ ಬಂದು ಪಟ್ಟಿ ಬಿಚ್ಚಿ ಸೆನ್ಸರ್ ಸಮೇತ ಬ್ಯಾಗಿಗೆ ತುರುಕಿ ಲೋಕಲ್ ಹತ್ತುವವರ ಪಟ್ಟಿಗೆ ಆಯುಷ್ಯ ಕಡಿಮೆ. ಎರಡು ಕಾರಣ. ಒದ್ದೆ ಪಟ್ಟಿಯ ಮೇಲೆ ಸೆನ್ಸರ್ ಕೂತಿದ್ದರೆ ಅದು ಇನ್ನೂ ಮೈಮೇಲಿದ್ದೇನೆ ಅಂದುಕೊಂಡು ಎಚ್ಚರವಾಗಿಯೇ ಇದ್ದು ಬ್ಯಾಟರಿ ತಿನ್ನುತ್ತದೆ. ಜತೆಗೆ ಬಟನ್ನಿನ ಲೋಹದ ಸುತ್ತ ಉಪ್ಪುನೀರು ನಿಂತು ಹಸಿರು ಕಿಲುಬು ಕಟ್ಟುತ್ತದೆ, ಆಮೇಲೆ ಸಂಕೇತ ಬಿಟ್ಟು ಬಿಟ್ಟು ಬರುತ್ತದೆ. ಆದ್ದರಿಂದ ಪ್ರತಿ ಸಲವೂ ಸೆನ್ಸರ್ ಬಿಚ್ಚಿ ಒರೆಸಿಡಿ, ಪಟ್ಟಿಯನ್ನು ಬರೀ ನೀರಿನಲ್ಲಿ ತೊಳೆದು ಹರಡಿ. ಐದು ಸಲದ ಬಳಕೆಗೊಮ್ಮೆಯಾದರೂ 40 ಡಿಗ್ರಿ ಮೀರದ ನೀರಿನಲ್ಲಿ ಸೋಪು ಹಾಕಿ ಒಗೆಯಬೇಕು. ಮೆಶಿನ್ನಿಗೆ ಹಾಕುವುದಾದರೆ ಬಲೆಚೀಲದಲ್ಲಿಟ್ಟು. ಹಿಂಡುವುದು, ಬ್ಲೀಚ್, ಇಸ್ತ್ರಿ, ಯಾವುದೂ ಬೇಡ. ಬಟ್ಟೆ ಮೃದುವಾಗಲೆಂದು ಹಾಕುವ ಕಂಡೀಶನರ್ ಕೂಡ ಬೇಡ, ಅದು ಎಲೆಕ್ಟ್ರೋಡಿನ ಮೇಲೆ ಪದರ ಬಿಡುತ್ತದೆ. ಜುಲೈಯಲ್ಲಿ ಚಾಳಿನ ಗ್ಯಾಲರಿಯಲ್ಲಿ ಏನೂ ಒಣಗುವುದಿಲ್ಲವಾದ್ದರಿಂದ ರಾತ್ರಿ ಫ್ಯಾನಿನ ಕೆಳಗೆ ಹಾಕಿ. ಅರೆ ಒದ್ದೆ ಪಟ್ಟಿಯನ್ನೇ ಮತ್ತೆ ಮತ್ತೆ ಕಟ್ಟಿದರೆ ಅದು ಕೂರುವ ಗೆರೆಯುದ್ದಕ್ಕೂ ತುರಿ, ಕೆಂಪು ಅಂಚಿನ ಗಜಕರ್ಣ. ಮಳೆಗಾಲದಲ್ಲಿ ವಾರಕ್ಕೆ ನಾಲ್ಕು ದಿನ ಓಡುವವರು ಎರಡನೇ ಪಟ್ಟಿ ಇಟ್ಟುಕೊಳ್ಳುವುದು ಜಾಣತನ. ಸೆನ್ಸರ್ ಇಲ್ಲದ ಬರೀ ಪಟ್ಟಿಯೂ ಮಾರಾಟಕ್ಕಿದೆ.

ಇನ್ನು ಸಂಖ್ಯೆಯ ವಿಷಯ. ಪಟ್ಟಿ ಅಳೆಯುವುದು ಹೃದಯದ ಕೆಲಸವನ್ನು, ಕಾಲಿನ ಕೆಲಸವನ್ನಲ್ಲ. ಮುಂಬೈಯಲ್ಲಿ ಈ ಎರಡರ ನಡುವಿನ ಅಂತರ ದೊಡ್ಡದು. 60 ಕೆ.ಜಿ. ತೂಕದವರು 10 ಕಿ.ಮೀ. ಓಡಿದರೆ ಸುಮಾರು 600 ಕಿಲೋಕ್ಯಾಲೊರಿ ಖರ್ಚು. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು, ಸುಮಾರು 470, ಬರೀ ಶಾಖವಾಗಿ ಮೈಯಲ್ಲಿ ಉಳಿಯುತ್ತದೆ. ಒಂದು ಗ್ರಾಂ ಬೆವರು ಆವಿಯಾದರೆ ಸುಮಾರು 0.58 ಕಿಲೋಕ್ಯಾಲೊರಿ ಶಾಖ ಹೊರಗೆ ಹೋಗುತ್ತದೆ. ಅಂದರೆ 470 ಕಿಲೋಕ್ಯಾಲೊರಿ ಶಾಖವನ್ನು ಬರೀ ಬೆವರಿನಿಂದಲೇ ಕಳೆಯಬೇಕಾದರೆ 800 ಮಿ.ಲೀ.ಗೂ ಮಿಕ್ಕಿ ಬೆವರು ಆವಿಯಾಗಬೇಕು. ಇಲ್ಲಿ ಮುಖ್ಯವಾದದ್ದು ಆವಿ. ಗಲ್ಲದಿಂದ ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ನೀರನ್ನಷ್ಟೇ ಖಾಲಿ ಮಾಡುತ್ತದೆ.

ಎಷ್ಟು ಆವಿಯಾಗುತ್ತದೆ ಅನ್ನುವುದು ಚರ್ಮದ ಮೇಲಿನ ಆವಿಯ ಒತ್ತಡಕ್ಕೂ ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ಚರ್ಮ 35 ಡಿಗ್ರಿ ಇದ್ದರೆ ಅಲ್ಲಿ ಒತ್ತಡ ಸುಮಾರು 5.6 ಕಿಲೋಪ್ಯಾಸ್ಕಲ್. ಡ್ಯೂ ಪಾಯಿಂಟ್ (ಗಾಳಿಯಲ್ಲಿರುವ ಆವಿ ಹನಿಗಟ್ಟತೊಡಗುವ ಉಷ್ಣಾಂಶ) 12 ಡಿಗ್ರಿ ಇರುವ ಒಣ ಗಾಳಿಯಲ್ಲಿ 1.4, ವ್ಯತ್ಯಾಸ 4.2. ಡ್ಯೂ ಪಾಯಿಂಟ್ 25 ಇರುವ ಗಾಳಿಯಲ್ಲಿ 3.2, ವ್ಯತ್ಯಾಸ 2.4 ಮಾತ್ರ. ಅದೇ ವೇಗ, ಅದೇ ಕಾಲು, ಆದರೆ ತಂಪಾಗುವ ಶಕ್ತಿ ಒಣ ಗಾಳಿಯಲ್ಲಿದ್ದುದರ ಶೇ 60ಕ್ಕಿಂತಲೂ ಕಡಿಮೆ. ಆಗ ದೇಹ ಇನ್ನೊಂದು ದಾರಿ ಹಿಡಿಯುತ್ತದೆ: ಹೆಚ್ಚು ರಕ್ತವನ್ನು ಚರ್ಮದ ಕಡೆ ತಿರುಗಿಸುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತವೂ ಕಡಿಮೆ. ಕಾಲಿನ ಮಾಂಸಖಂಡಕ್ಕೆ ಬೇಕಾದಷ್ಟು ಒದಗಿಸಲು ಬಡಿತ ಏರಲೇಬೇಕು. ಜತೆಗೆ ಬೆವರಿನಿಂದ ರಕ್ತದ ನೀರಿನಂಶ ಇಳಿಯುತ್ತದೆ. ದೇಹತೂಕದ ಶೇ 1ರಷ್ಟು ನೀರು ಹೋದರೆ ಬಡಿತ ಸುಮಾರು 3ರಿಂದ 5 ಏರುತ್ತದೆ. ಓಡುತ್ತಾ ಓಡುತ್ತಾ ಸಂಖ್ಯೆ ಮೇಲಕ್ಕೆ ಜಾರುವುದಕ್ಕೆ ಇದೇ ಕಾರಣ. ಎಚ್‌10 ಈ ಜಾರುವಿಕೆಯನ್ನು ನಿಖರವಾಗಿ ತೋರಿಸುತ್ತದೆ. ಅದನ್ನು ಕಂಡು ‘ನನ್ನ ಫಿಟ್‌ನೆಸ್ ಹೋಯಿತು’ ಅಂದುಕೊಳ್ಳುವುದು ಪಟ್ಟಿಯ ತಪ್ಪಲ್ಲ. ಹವಾಮಾನದ ಆ್ಯಪ್‌ನಲ್ಲಿ ಉಷ್ಣಾಂಶಕ್ಕಿಂತ ಡ್ಯೂ ಪಾಯಿಂಟ್ ನೋಡಿ ಹೊರಡುವ ಅಭ್ಯಾಸ ಇಟ್ಟುಕೊಳ್ಳಿ. ಅದು 24 ದಾಟಿದ ದಿನ ವೇಗದ ಆಸೆ ಬಿಟ್ಟು ಬಡಿತದ ಮಿತಿಯೊಳಗೆ ಓಡಿ, ಕಿಲೋಮೀಟರಿಗೆ ಎಷ್ಟು ನಿಮಿಷ ಬರುತ್ತದೋ ಬರಲಿ.

ಝೋನ್‌ಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಗೊಂದಲ ಇರುವುದು ಇಲ್ಲೇ. ಪೋಲಾರ್ ಆ್ಯಪ್ ತಾನಾಗಿ ಕೊಡುವ ಎರಡನೇ ಝೋನ್ ಅಂದರೆ ಗರಿಷ್ಠ ಬಡಿತದ ಶೇ 60ರಿಂದ 70. ವಯಸ್ಸು 45 ಅಂತಿಟ್ಟುಕೊಳ್ಳಿ. 220ರಿಂದ ವಯಸ್ಸು ಕಳೆಯುವ ಹಳೇ ಸೂತ್ರದಲ್ಲಿ ಗರಿಷ್ಠ 175, ಎರಡನೇ ಝೋನ್ 105ರಿಂದ 122. ಹೊಸದಾಗಿ ಓಡುವವರು ಅಕ್ಟೋಬರಿನಲ್ಲಿ 122ರೊಳಗೆ ಓಡುವುದು ಸಾಧ್ಯವೇ ಇಲ್ಲ, ನಡೆಯಬೇಕಾಗುತ್ತದೆ. ಇದೇ ವ್ಯಕ್ತಿಗೆ ವಿಶ್ರಾಂತಿ ಬಡಿತವನ್ನೂ ಲೆಕ್ಕಕ್ಕೆ ಹಿಡಿಯುವ ಕಾರ್ವೊನೆನ್ ವಿಧಾನ ಹಾಕಿ ನೋಡಿ. ಅಳೆದು ತಿಳಿದ ಗರಿಷ್ಠ 178, ಬೆಳಗ್ಗೆ ಎದ್ದ ಕೂಡಲೇ ಸಿಗುವ ವಿಶ್ರಾಂತಿ ಬಡಿತ 62. ನಡುವಿನ ಅಂತರ 116. ಅದರ ಶೇ 60 ಅಂದರೆ 70, ಶೇ 70 ಅಂದರೆ 81. ಎರಡಕ್ಕೂ 62 ಸೇರಿಸಿದರೆ 132ರಿಂದ 143. ಎರಡರಲ್ಲೂ ಬರೆದಿರುವುದು ‘ಶೇ 60ರಿಂದ 70’ ಅಂತಲೇ, ಆದರೆ ಒಂದು ಕಡೆ ನಡಿಗೆ, ಇನ್ನೊಂದು ಕಡೆ ಆರಾಮದ ಓಟ. ಯೂಟ್ಯೂಬಿನ ತರಬೇತುದಾರರು ಹೇಳುವ ಶೇಕಡಾವಾರು ಯಾವ ಲೆಕ್ಕದ್ದು ಎಂದು ತಿಳಿಯದೆ ಆ್ಯಪ್‌ಗೆ ತುಂಬಬೇಡಿ. ಆ್ಯಪ್‌ನಲ್ಲಿ ಝೋನ್ ಗಡಿಗಳನ್ನು ಕೈಯಿಂದಲೇ ಬದಲಿಸಬಹುದು, ಬದಲಿಸಿ.

ಗರಿಷ್ಠ ಬಡಿತದ ಸೂತ್ರಗಳೂ ಅಂದಾಜೇ. 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವ 2001ರ ತನಾಕಾ ಸೂತ್ರ ವಯಸ್ಸಾದವರಿಗೆ ಹೆಚ್ಚು ಹೊಂದುತ್ತದೆ: 60 ವಯಸ್ಸಿಗೆ ಹಳೇ ಸೂತ್ರ 160 ಅಂದರೆ ಇದು 166 ಅನ್ನುತ್ತದೆ. 40ರಲ್ಲಿ ಎರಡೂ 180 ಎನ್ನುವುದರಿಂದ ನಡುವಯಸ್ಸಿನವರಿಗೆ ಯಾವುದಾದರೂ ಒಂದೇ. ಆದರೆ ಒಬ್ಬೊಬ್ಬರ ನಿಜವಾದ ಗರಿಷ್ಠ ಸೂತ್ರಕ್ಕಿಂತ 10 ಬಡಿತ ಮೇಲೋ ಕೆಳಗೋ ಇರುವುದು ತೀರಾ ಸಾಮಾನ್ಯ. ಅಳೆಯಬೇಕೆಂದರೆ ಏರು ಬೇಕು. ಠಾಣೆಯವರಿಗೆ ಯೇವೂರು, ಬೇಲಾಪುರದವರಿಗೆ ಪಾರಸಿಕ್ ಗುಡ್ಡ, ಬೊರಿವಲಿಯವರಿಗೆ ನ್ಯಾಷನಲ್ ಪಾರ್ಕಿನೊಳಗೆ ಕನ್ಹೇರಿ ಗುಹೆಗಳ ಕಡೆಯ ಕೊನೆಯ ಏರು. 15 ನಿಮಿಷ ಮೈ ಬಿಸಿ ಮಾಡಿಕೊಂಡು, 3 ನಿಮಿಷ ಜೋರಾಗಿ ಏರು ಓಡಿ, ನಿಧಾನ ಇಳಿದು, ಮತ್ತೆ ಎರಡು ಸಲ. ಮೂರನೆಯದರ ಕೊನೆಯ ಅರ್ಧ ನಿಮಿಷ ಇದ್ದಬದ್ದ ಶಕ್ತಿಯೆಲ್ಲ. ಆಗ ಕಂಡ ಅತಿ ದೊಡ್ಡ ಸಂಖ್ಯೆ ನಿಮ್ಮ ಗರಿಷ್ಠಕ್ಕೆ ಹತ್ತಿರ. ಒಂಟಿ ಸೆಕೆಂಡಿನ ಚೂಪು ಏರು ಇದ್ದರೆ ಅದನ್ನು ಬಿಡಿ, ಐದಾರು ಸೆಕೆಂಡು ನಿಂತದ್ದನ್ನು ಹಿಡಿಯಿರಿ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರು, ಎದೆನೋವು ಕಂಡವರು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆದವರಿದ್ದರೆ ಅಂಥವರು ಇದನ್ನು ಗುಡ್ಡದ ಮೇಲೆ ಮಾಡಕೂಡದು. ಡಾಕ್ಟರ ಎದುರು ಟಿಎಂಟಿ (ಟ್ರೆಡ್‌ಮಿಲ್ ಮೇಲಿನ ಹೃದಯ ಪರೀಕ್ಷೆ) ಮಾಡಿಸಿಕೊಳ್ಳಲಿ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರ ಬಡಿತ ಔಷಧದಿಂದಲೇ ತಗ್ಗಿರುತ್ತದೆ. ಅವರಿಗೆ ಯಾವ ಸೂತ್ರವೂ ಹೊಂದುವುದಿಲ್ಲ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗುತ್ತದೆಯೇ ಅನ್ನುವ ಪರೀಕ್ಷೆಯೇ ಮೇಲು.

ಪಟ್ಟಿಯಿಂದ ನಿಜವಾದ ಲಾಭ ಸಿಗುವುದು ಒಂದು ಗಂಟೆಯ ಜಾರುವಿಕೆ ಪರೀಕ್ಷೆಯಲ್ಲಿ. ಮರೀನ್ ಡ್ರೈವ್‌ನಂಥ ಸಮತಟ್ಟು ಜಾಗ, ಹತ್ತು ಹದಿನೈದು ನಿಮಿಷ ಮೈ ಬಿಸಿ, ಆಮೇಲೆ 60 ನಿಮಿಷ ಒಂದೇ ವೇಗ. ಮೊದಲ ಅರ್ಧದ ಸರಾಸರಿ ಬಡಿತ, ಎರಡನೇ ಅರ್ಧದ ಸರಾಸರಿ ಬೇರೆ ಬೇರೆ ತೆಗೆಯಿರಿ. ಮೊದಲರ್ಧ 138, ಎರಡನೆಯದು 148 ಆದರೆ ಏರಿಕೆ ಶೇ 7ಕ್ಕೂ ಹೆಚ್ಚು. ಶೇ 5ರೊಳಗಿದ್ದರೆ ಆ ವೇಗವನ್ನು ದೇಹ ನಿಭಾಯಿಸುತ್ತಿದೆ ಅನ್ನಬಹುದು. ಮೀರಿದರೆ ಎರಡು ಸಾಧ್ಯತೆ: ದಮ್ಮು ಇನ್ನೂ ಬಲಿತಿಲ್ಲ, ಇಲ್ಲವೇ ಸೆಖೆ. ಯಾವುದೆಂದು ತಿಳಿಯಲು ಅದೇ ವೇಗದಲ್ಲಿ ಎ.ಸಿ. ಜಿಮ್ಮಿನ ಟ್ರೆಡ್‌ಮಿಲ್ ಮೇಲೆ, ಮುಂದೆ ಫ್ಯಾನ್ ಇಟ್ಟುಕೊಂಡು ಓಡಿ. ಏರಿಕೆ ಮಾಯವಾದರೆ ಸೆಖೆ ಮತ್ತು ನೀರಿನ ಕೊರತೆ. ಅಲ್ಲೂ ಏರಿದರೆ ವೇಗವೇ ಹೆಚ್ಚಾಯಿತು.

ನೀರಿನ ಲೆಕ್ಕಕ್ಕೆ ತಕ್ಕಡಿ ಬೇಕು. ಓಟಕ್ಕೆ ಮುಂಚೆ ಬಟ್ಟೆಯಿಲ್ಲದೆ 62.0 ಕೆ.ಜಿ., ಒಂದು ಗಂಟೆಯ ನಂತರ ಮೈ ಒರೆಸಿಕೊಂಡು 60.9, ನಡುವೆ ಕುಡಿದದ್ದು 300 ಮಿ.ಲೀ. ಆದರೆ ಬೆವರು 1.4 ಲೀಟರ್, ತೂಕದ ಶೇ 1.8 ಇಳಿದಿದೆ, ಅಂದರೆ ಗ್ರಾಫಿನಲ್ಲಿ ಐದರಿಂದ ಒಂಬತ್ತು ಬಡಿತದ ಏರಿಕೆ ಇದೊಂದರಿಂದಲೇ. ಬರೀ ನೀರು ಕುಡಿದು ತುಂಬಿಸಲು ಹೋಗಬೇಡಿ. ಅರ್ಧ ಲೀಟರ್ ನೀರುಮಜ್ಜಿಗೆಗೆ ಕಾಲು ಟೀಚಮಚ ಉಪ್ಪು ಹಾಕಿದರೆ ಸುಮಾರು 0.6 ಗ್ರಾಂ ಸೋಡಿಯಂ ಸಿಗುತ್ತದೆ. ಪುನರ್ಪುಳಿ ಶರಬತ್ತಿಗೂ ಇದೇ ಅಳತೆ ಸಾಕು. ಒಆರ್‌ಎಸ್ ಪುಡಿ ಆದರೆ ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ, ಅರ್ಧ ಪೊಟ್ಟಣ ಅಂದಾಜಿಗೆ ಹಾಕುವುದು ಬೇಡ. ಬಿ.ಪಿ. ಇರುವವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳಲಿ. ಓಡಿ ಬಂದ ಮೇಲೆ ತೂಕ ಹೆಚ್ಚಾಗಿದ್ದರೆ ಕುಡಿದದ್ದು ಅತಿಯಾಯಿತು ಎಂದರ್ಥ. ರಕ್ತದಲ್ಲಿ ಸೋಡಿಯಂ ತಗ್ಗಿ ತಲೆಸುತ್ತು, ವಾಂತಿ, ಗೊಂದಲ ಬರುವುದು ಅಲ್ಲಿಂದಲೇ.

ಸೆಖೆಗೆ ದೇಹ ಒಗ್ಗುವುದನ್ನೂ ಪಟ್ಟಿ ತೋರಿಸುತ್ತದೆ. ದಿನಾ ಒಂದು ಗಂಟೆ ಸೆಖೆಯಲ್ಲಿ ಓಡಿದರೆ ಮೊದಲ ವಾರದಲ್ಲೇ ರಕ್ತದ ಪ್ಲಾಸ್ಮಾ, ಅಂದರೆ ದ್ರವಭಾಗ, ಹೆಚ್ಚಿ ಅದೇ ವೇಗಕ್ಕೆ ಬಡಿತ ಇಳಿಯತೊಡಗುತ್ತದೆ. 10ರಿಂದ 14 ದಿನಕ್ಕೆ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪಿನಂಶವೂ ತಗ್ಗುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಇದು ಕರಗುತ್ತದೆ. ದಸರಾ, ದೀಪಾವಳಿ ಅಂತ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲವು ವಾರ ಇದ್ದು ವಾಪಸು ಬಂದವರ ಬಡಿತ ಇಲ್ಲಿ ಮೊದಲ ದಿನಗಳಲ್ಲಿ ಹತ್ತು ಹೆಚ್ಚಿದ್ದರೆ ಗಾಬರಿ ಬೇಡ.

ಆದರೆ ಪಟ್ಟಿಗೆ ಕಾಣದ್ದೂ ಇದೆ, ಜಾಹೀರಾತಿನವರು ಇದನ್ನು ಹೇಳುವುದಿಲ್ಲ. ಹೃದಯ, ರಕ್ತ, ಮಾಂಸಖಂಡದೊಳಗಿನ ಶಕ್ತಿಯ ವ್ಯವಸ್ಥೆ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಸ್ನಾಯುರಜ್ಜು ಮತ್ತು ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಆರನೇ ವಾರಕ್ಕೆ ಬಡಿತ ಇಳಿದಿರುತ್ತದೆ, ಗ್ರಾಫ್ ಸುಂದರವಾಗಿರುತ್ತದೆ, ಉತ್ಸಾಹದಲ್ಲಿ ದೂರ ಹೆಚ್ಚಿಸುತ್ತಾರೆ. ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋಯತೊಡಗುವುದು ಆಗಲೇ. ಬೆರಳಿನಿಂದ ಒತ್ತಿದಾಗ ಉದ್ದಕ್ಕೂ ನೋವಿದ್ದರೆ ಓಟ ತಗ್ಗಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಒಂದೇ ಬಿಂದುವಿನಲ್ಲಿ ಚುಚ್ಚಿದಂತೆ ನೋವು, ರಾತ್ರಿಯೂ ನೋವು ಇದ್ದರೆ ಮೂಳೆಯಲ್ಲಿ ಸಣ್ಣ ಬಿರುಕಿನ ಅನುಮಾನ, ಓಟ ನಿಲ್ಲಿಸಿ ತೋರಿಸಬೇಕು. ಆ ದಿನಗಳಲ್ಲೂ ಎಚ್‌10 ‘ಎಲ್ಲ ಸರಿಯಿದೆ’ ಎಂದೇ ಹೇಳುತ್ತಿರುತ್ತದೆ. ಇಳಿಜಾರಿನ ಓಟದ ಮರುದಿನ, ಮೂರನೇ ದಿನ ತೊಡೆ ಹಿಡಿದುಕೊಂಡು ದಾದರ್ ಸೇತುವೆಯ ಮೆಟ್ಟಿಲು ಇಳಿಯಲಾಗದ ನೋವೂ ಅದಕ್ಕೆ ಗೊತ್ತಾಗುವುದಿಲ್ಲ.

ಭಾರ ಎತ್ತುವವರು ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಉಸಿರು ಬಿಗಿಹಿಡಿದು ಎತ್ತುವಾಗ ರಕ್ತದೊತ್ತಡ ಜಿಗಿಯುತ್ತದೆ, ಬಡಿತಕ್ಕೂ ಎತ್ತಿದ ಭಾರಕ್ಕೂ ನೇರ ಲೆಕ್ಕವಿಲ್ಲ. ಆ್ಯಪ್ ತೋರಿಸುವ ಕ್ಯಾಲೊರಿ ಆಗ ಬರೀ ಊಹೆ.

ಬೆಳಗಿನ ಅಳತೆಗೆ ಮಾತ್ರ ಪಟ್ಟಿ ಬಹಳ ಒಳ್ಳೆಯದು. ಎದ್ದು ಮೂತ್ರಕ್ಕೆ ಹೋಗಿ ಬಂದು, ಕಾಫಿ ಕುಡಿಯುವ ಮುಂಚೆ ಮಲಗಿಕೊಂಡೇ ಮೂರು ನಿಮಿಷ. ಬಡಿತಗಳ ನಡುವಿನ ಅಂತರ ಓದುವ ಆ್ಯಪ್ ಹಾಕಿಕೊಂಡರೆ ಅದರ ಏರುಪೇರು ಸಿಗುತ್ತದೆ. ಒಂದು ದಿನದ ಸಂಖ್ಯೆಗೆ ಬೆಲೆಯಿಲ್ಲ, ಒಂದು ವಾರದ ಸರಾಸರಿ ನೋಡಬೇಕು. ವಿಶ್ರಾಂತಿ ಬಡಿತ ಎರಡು ಮೂರು ದಿನ ಸತತವಾಗಿ 6-7 ಹೆಚ್ಚಿದ್ದರೆ ಜೋರು ಓಟ ಬೇಡ. ನಿದ್ದೆಗೇಡು, ಬರಲಿರುವ ಜ್ವರ, ಹಿಂದಿನ ರಾತ್ರಿಯ ಕುಡಿತ, ಅತಿ ತರಬೇತಿ, ಯಾವುದೂ ಇರಬಹುದು. ರಾತ್ರಿ ಒಂದು ಗಂಟೆಗೆ ಹೋಟೆಲ್ ಶಟರ್ ಎಳೆದು ಐದಕ್ಕೆ ಓಡಲು ಏಳುವ ನಮ್ಮವರಿಗೆ ಈ ಅಳತೆ ಕಹಿ ಸತ್ಯ ಹೇಳುತ್ತದೆ. ಅಂಥವರು ಓಟವನ್ನು ಮಧ್ಯಾಹ್ನದ ಬಿಡುವಿಗೆ, ಜಿಮ್ಮಿನೊಳಕ್ಕೆ ಬದಲಿಸಿಕೊಂಡರೆ ಮೇಲು. ಓಟ ನಿಲ್ಲಿಸಿ ನಿಧಾನ ನಡೆಯುತ್ತಾ ಮೊದಲ ನಿಮಿಷದಲ್ಲಿ ಬಡಿತ ಎಷ್ಟು ಇಳಿಯುತ್ತದೆ ಎಂಬುದನ್ನೂ ಗಮನಿಸಿ. ಜೋರಾದ ಓಟದ ನಂತರ 12ಕ್ಕಿಂತ ಕಡಿಮೆ ಇಳಿಯುವುದು ಪದೇ ಪದೇ ಕಂಡರೆ ಡಾಕ್ಟರ ಬಳಿ ಹೋಗುವ ವಿಷಯ.

ಈಜಿನಲ್ಲಿ ಅರ್ಧಂಬರ್ಧ. 30 ಮೀಟರಿನವರೆಗೆ ನೀರು ತಡೆಯುತ್ತದೆ, ಆದರೆ ಬ್ಲೂಟೂತ್ ನೀರಿನೊಳಗೆ ಹೋಗುವುದಿಲ್ಲ. ಪೋಲಾರ್ ಆ್ಯಪ್‌ನಲ್ಲಿ ಶುರು ಮಾಡಿ ಫೋನ್ ಲಾಕರಿನಲ್ಲಿಟ್ಟರೆ ಒಂದು ಅವಧಿಯ ದಾಖಲೆ ಸೆನ್ಸರಿನಲ್ಲೇ ಉಳಿಯುತ್ತದೆ, ಹೊರಬಂದ ಮೇಲೆ ಇಳಿಸಿಕೊಳ್ಳಬಹುದು. ಗೋಡೆ ಒದ್ದು ತಿರುಗುವಾಗ ಪಟ್ಟಿ ಗಂಡಸರಿಗೆ ಸೊಂಟಕ್ಕೆ ಜಾರುತ್ತದೆ. ನೀರಿನಲ್ಲಿ ಬಡಿತ ಓಟಕ್ಕಿಂತ ಸುಮಾರು ಹತ್ತು ಕಡಿಮೆ ಇರುವುದು ಸಹಜ, ಓಟದ ಝೋನ್ ಅಲ್ಲಿ ಹಾಕಬೇಡಿ.

ಮುಂಬೈ ಮ್ಯಾರಥಾನ್ ರೇಸಿನ ದಿನ ಮೊದಲ ಎರಡು ಮೂರು ಕಿಲೋಮೀಟರ್ ಪಟ್ಟಿಯ ಮಾತು ಕೇಳಬೇಡಿ. ಗದ್ದಲ, ಭಯ, ಅಡ್ರಿನಲಿನ್ ಸೇರಿ ಬಡಿತ ಸುಮ್ಮನೆ ಮೇಲಿರುತ್ತದೆ. ಪೆಡ್ಡರ್ ರೋಡ್ ಏರಿನಲ್ಲಿ ಮಾತ್ರ ಕೇಳಿ. ಫುಲ್ ಮ್ಯಾರಥಾನ್ ಓಡುವವರಿಗೆ ಅದು ಕಾಲು ಸೋತ ಮೇಲೆ ಬರುವ ಏರು. ಅಲ್ಲಿ ವೇಗ ಉಳಿಸಿಕೊಳ್ಳಲು ಹೋಗಿ ಹತ್ತು ಬಡಿತ ಮೇಲೇರಿದರೆ ಇಳಿದ ಮೇಲೂ ಅದು ಇಳಿಯುವುದಿಲ್ಲ.

ಬ್ಯಾಟರಿ ಸಿಆರ್‌2025, ಕಂಪನಿಯ ಲೆಕ್ಕದಲ್ಲಿ 400 ಗಂಟೆ. ಅಂಗಡಿಯವರು ‘ಎಲ್ಲ ಒಂದೇ’ ಅಂತ ಸಿಆರ್‌2032 ಕೊಟ್ಟರೆ ತೆಗೆದುಕೊಳ್ಳಬೇಡಿ: ಅಗಲ ಎರಡರದ್ದೂ 20 ಮಿ.ಮೀ., ದಪ್ಪ 2.5ರ ಬದಲು 3.2, ಮುಚ್ಚಳ ಕೂರುವುದಿಲ್ಲ. ಬಲವಂತ ಮಾಡಿದರೆ ನೀರು ತಡೆಯುವ ರಿಂಗ್ ಹಾಳು. ಪ್ಲಸ್ ಗುರುತು ಮುಚ್ಚಳದ ಕಡೆಗೆ ಬರಬೇಕು, ರಿಂಗಿನ ಮೇಲೆ ಕೂದಲು, ಮರಳಿನ ಕಣ ಇರಬಾರದು, ಕೂತಾಗ ಟಕ್ ಅನ್ನಬೇಕು. ಸಂಕೇತ ಕಡಿದು ಕಡಿದು ಬರುತ್ತಿದ್ದರೆ ಮೊದಲು ಒಗೆಯಿರಿ, ಆಮೇಲೆ ಬ್ಯಾಟರಿ, ಕೊನೆಗೆ ಪಟ್ಟಿ, ಈ ಕ್ರಮದಲ್ಲಿ ಬದಲಿಸಿ ನೋಡಿ. ಸೆನ್ಸರೇ ಕೆಟ್ಟಿದೆ ಎಂದು ಹೊಸದು ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಎಲಾಸ್ಟಿಕ್ ಸಡಿಲವಾಗಿ ಓಡುವಾಗ ಎರಡು ಸಲ ಕೈಹಾಕಿ ಮೇಲೆಳೆಯಬೇಕಾಗಿ ಬಂದರೆ ಆ ಪಟ್ಟಿಯ ಕಾಲ ಮುಗಿದಿದೆ. ಬರೀ ಬಡಿತ ಸಾಕು, ಬೆಳಗಿನ ಏರುಪೇರಿನ ಲೆಕ್ಕವೂ ಈಜೂ ಬೇಡ ಅನ್ನುವವರಿಗೆ ಇದಕ್ಕಿಂತ ಅಗ್ಗದ ಬೇರೆ ಎದೆಪಟ್ಟಿಗಳೂ ಇದೇ ತತ್ವದಲ್ಲಿ ನಡೆಯುತ್ತವೆ. ಕೊಳ್ಳುವ ಮುಂಚೆ ನಿಮ್ಮ ವಾಚಿಗೆ ಬ್ಲೂಟೂತ್ ಬೇಕೋ ಆ್ಯಂಟ್ ಪ್ಲಸ್ ಬೇಕೋ ಎಂದು ನೋಡಿಕೊಳ್ಳಿ.